ಸರ್ಗೋಧಾದಿಂದ ವಾಪಸ್ ಬರದ ಅಜ್ಜಮಾಡ ದೇವಯ್ಯ

ಸಂಘದ ಪತ್ರಿಕೆಗೆ ಇದು ನನ್ನ ಮೊದಲ ಬರಹ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲಾದ್ರೂ ತಪ್ಪಿದ್ರೆ ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ.

ಸೆಕೆಂಡ್ ಪಿಯು ಮುಗಿದ ರಜೆಯಲ್ಲಿ ನಾವು ಐದು ಜನ ಬಂಗಾರಪೇಟೆಯಿಂದ ಮಡಿಕೇರಿಗೆ ಟ್ರಿಪ್ ಹೋಗಿದ್ವಿ. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸರ್ಕಲ್ ಇದೆ, ಏರ್‌ಫೋರ್ಸ್ ಅಧಿಕಾರಿಯೊಬ್ಬರ ಪ್ರತಿಮೆ ಇದೆ. ನಾವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ್ವಿ. ನನ್ನ ಕೈಯಲ್ಲಿ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್. ಹಿಂದೆ ನಿಂತಿರೋದು ಯಾರು ಅಂತ ಐದು ಜನರಲ್ಲಿ ಒಬ್ಬನೂ ಓದ್ಲಿಲ್ಲ. ಆಮೇಲೆ ಇಲ್ಲಿ ಕಾಲೇಜಿಗೆ ಸೇರಿದ ಮೇಲೆ, ನಮ್ಮ ಕ್ಲಾಸಲ್ಲಿರೋ ಕೊಡಗಿನ ಹುಡುಗ ನನ್ನ ಫೋನಲ್ಲಿ ಆ ಫೋಟೋ ನೋಡಿ, ಇವರು ಯಾರು ಗೊತ್ತಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಅವನು ಬೈಯ್ಯಲಿಲ್ಲ, ಸುಮ್ಮನೆ ಫೋನ್ ವಾಪಸ್ ಕೊಟ್ಟ. ಬೈದಿದ್ರೆ ಚೆನ್ನಾಗಿರೋದು.

ಅವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 2025ರ ಜನವರಿಯಲ್ಲಿ ಬಂದ ಸ್ಕೈ ಫೋರ್ಸ್ ಅನ್ನೋ ಹಿಂದಿ ಸಿನಿಮಾ ನೋಡಿದವರಿಗೆ ಅರ್ಧ ಕಥೆ ಗೊತ್ತಿರುತ್ತೆ. ಆದ್ರೆ ಅದರಲ್ಲಿ ಹೀರೋ ಹೆಸರೇ ಬೇರೆ, ಊರೂ ಮನೆಯೂ ಬೇರೆ ಥರ. ಸಿನಿಮಾ ಅಂದ್ಮೇಲೆ ಬದಲಾಯಿಸ್ತಾರೆ, ಸರಿ. ಆದರೂ ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ, ಆಮೇಲೆ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಮೂರನ್ನೂ ಬಿಟ್ಟುಬಿಟ್ರೆ ಆ ಮನುಷ್ಯನಿಗೆ ಉಳಿಯೋದಾದ್ರೂ ಏನು ಅಂತ ನಂಗೆ ಅನ್ನಿಸ್ತು.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಭಾರತೀಯ ವಾಯುಪಡೆ ಶುರುವಾಗಿದ್ದು ಅದೇ ವರ್ಷ ಅಕ್ಟೋಬರ್ 8ಕ್ಕೆ. ಅಂದ್ರೆ ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಕೈಕೆಳಗೆ ಬೇರೆ ಪ್ರಾಂತ್ಯವೇ ಆಗಿತ್ತು. ಕೊಡಗಿನ ಹುಡುಗರು ಸೈನ್ಯಕ್ಕೆ ಹೋಗೋದು ಹೊಸದೇನಲ್ಲ. ಕಾರ್ಯಪ್ಪ, ತಿಮ್ಮಯ್ಯ ಎಲ್ಲರಿಗೂ ಗೊತ್ತು. ದೇವಯ್ಯ ಆರಿಸಿಕೊಂಡದ್ದು ಆಕಾಶ. 1954ರಲ್ಲಿ ಪೈಲಟ್ ಆಗಿ ವಾಯುಪಡೆ ಸೇರಿದರು. 1965ರಲ್ಲಿ ಯುದ್ಧ ಬರೋ ಹೊತ್ತಿಗೆ ಅವರು ಬೇರೆಯವರಿಗೆ ವಿಮಾನ ಹಾರಿಸೋದನ್ನ ಕಲಿಸ್ತಾ ಇದ್ದ ಇನ್‌ಸ್ಟ್ರಕ್ಟರ್. ಮದುವೆಯಾಗಿತ್ತು, ಹೆಂಡತಿ ಸುಂದರಿ ದೇವಯ್ಯ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ವಯಸ್ಸು 32.

ಯುದ್ಧ ಶುರುವಾದಾಗ ಅವರನ್ನ ನಂಬರ್ 1 ಸ್ಕ್ವಾಡ್ರನ್‌ಗೆ ಹಾಕಿದ್ರು. ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್ ಅದು, ಟೈಗರ್ಸ್ ಅಂತ ಕರೀತಾರೆ. ಪಂಜಾಬಿನ ಆದಂಪುರದಲ್ಲಿತ್ತು. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರ್ ಕಡೆ ಗಡಿ ದಾಟಿತು. ಅವತ್ತೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಬಂದು, ನೆಲದ ಮೇಲೆ ನಿಲ್ಲಿಸಿದ್ದ ನಮ್ಮ ವಿಮಾನಗಳನ್ನ ಹಾಳು ಮಾಡಿದ್ವು. ಮಾರನೇ ದಿನ ಬೆಳಗ್ಗೆ ಅದಕ್ಕೆ ಉತ್ತರ ಕೊಡಬೇಕಿತ್ತು. ಎಲ್ಲಿಗೆ ಅಂದ್ರೆ ಸರ್ಗೋಧಾಗೆ. ಪಾಕಿಸ್ತಾನದ ವಾಯುಪಡೆಗೆ ಅದೇ ಮುಖ್ಯ ನೆಲೆ, ಕಾವಲೂ ಅಲ್ಲೇ ಜಾಸ್ತಿ.

ಆದಂಪುರದಿಂದ ಸರ್ಗೋಧಾ ನೇರ ಗೆರೆ ಎಳೆದ್ರೆ ಹತ್ತಿರ ಹತ್ತಿರ 300 ಕಿಲೋಮೀಟರ್. ಬಂಗಾರಪೇಟೆಯಿಂದ ಚೆನ್ನೈಗಿಂತ ಜಾಸ್ತಿ ದೂರ. ನಮ್ಮವರ ಹತ್ತಿರ ಇದ್ದದ್ದು ಫ್ರಾನ್ಸಿನ ಮಿಸ್ಟೀರ್ ವಿಮಾನಗಳು. ನೆಲದ ಮೇಲಿರೋ ಗುರಿಗೆ ಹೊಡೆಯೋ ಭಾರ ಹೊತ್ತುಕೊಂಡು ಅಷ್ಟು ದೂರ ಹೋಗಿ ಬರೋಕೆ ಇಂಧನ ಅಳತೆಗೆ ಸರಿಯಾಗಿ ಸಾಕಾಗ್ತಿತ್ತು, ಅಷ್ಟೇ. ದಾರಿಯಲ್ಲಿ ಯಾರಾದ್ರೂ ಅಡ್ಡ ಬಂದ್ರೆ ನಿಂತು ಜಗಳ ಆಡೋಕೆ ಉಳಿಯೋದಿಲ್ಲ. ಹೋಗು, ಹೊಡಿ, ತಲೆ ತಗ್ಗಿಸಿಕೊಂಡು ಮನೆಗೆ ಬಾ. ಲೀಡರ್ ಆಗಿದ್ದವರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಹನ್ನೆರಡು ಮಿಸ್ಟೀರ್‌ಗಳು ಹೋಗೋದು ಅಂತ ಪ್ಲ್ಯಾನ್.

ಆ ಹನ್ನೆರಡರಲ್ಲಿ ದೇವಯ್ಯ ಇರಲೇ ಇಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದ್ದಾದ್ರೂ ವಿಮಾನ ಕೈಕೊಟ್ರೆ ಮಾತ್ರ ಹೋಗಬೇಕು. ಒಂದು ವಿಮಾನ ಹೊರಡಲಿಲ್ಲ. ಇವರು ಆ ಜಾಗಕ್ಕೆ ಸೇರಿಕೊಂಡ್ರು. ಎಲ್ಲ ಸರಿಯಾಗಿದ್ದಿದ್ರೆ ಅವತ್ತು ಬೆಳಗ್ಗೆ ಅವರು ಆದಂಪುರದಲ್ಲೇ ಚಹಾ ಕುಡೀತಾ ಉಳಿದವರಿಗೆ ಕಾಯ್ತಿದ್ರು.

ಸೆಪ್ಟೆಂಬರ್ 7ರ ನಸುಕಿನಲ್ಲಿ ಮಿಸ್ಟೀರ್‌ಗಳು ಸರ್ಗೋಧಾ ತಲುಪಿ ಹೊಡೆದವು. ವಾಪಸ್ ತಿರುಗುವಾಗ ಒಂದು ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದನ್ನ ಹಾರಿಸ್ತಿದ್ದವರು ಪಾಕಿಸ್ತಾನ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಇಲ್ಲಿ ಒಂದು ಸ್ವಲ್ಪ ಮೆಕ್ಯಾನಿಕ್ಸ್ ಬೇಕು, ಬೇಜಾರಾದ್ರೆ ಮುಂದಿನ ಪ್ಯಾರಾಕ್ಕೆ ಹೋಗಿ. ಸ್ಟಾರ್‌ಫೈಟರ್ ಅಮೆರಿಕದ್ದು, ಶಬ್ದದ ಎರಡರಷ್ಟು ವೇಗ ಮುಟ್ಟುತ್ತೆ. ಮಿಸ್ಟೀರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೇ ದಾಟಲ್ಲ, ಗಂಟೆಗೆ ಸುಮಾರು 1100 ಕಿಲೋಮೀಟರ್. ಸ್ಟಾರ್‌ಫೈಟರ್‌ನ ಗನ್ ನಿಮಿಷಕ್ಕೆ ಸಾವಿರಗಟ್ಟಲೆ ಗುಂಡು ಉಗುಳುತ್ತೆ, ಜೊತೆಗೆ ಶಾಖ ಹಿಡಿದು ಹೋಗೋ ಕ್ಷಿಪಣಿ ಬೇರೆ. ಮಿಸ್ಟೀರ್‌ಗೆ ಇದ್ದದ್ದು ಎರಡು 30 ಮಿಲಿಮೀಟರ್ ಗನ್. ಪೇಪರ್ ಮೇಲೆ ನೋಡಿದ್ರೆ ಇದು ಪಲ್ಸರ್‌ಗೂ ಟಿವಿಎಸ್ ಎಕ್ಸೆಲ್‌ಗೂ ರೇಸ್ ಇಟ್ಟ ಹಾಗೆ. ಆದ್ರೆ ತಿರುವಿನ ತ್ರಿಜ್ಯ ವೇಗದ ವರ್ಗದ ಮೇಲೆ ನಿಂತಿದೆ. ಪೈಲಟ್ ಮೇಲೆ ಬೀಳೋ ಜಿ ಅಷ್ಟೇ ಇದ್ದು ವೇಗ ಎರಡರಷ್ಟಾದ್ರೆ, ತಿರುಗೋಕೆ ನಾಲ್ಕರಷ್ಟು ಜಾಗ ಬೇಕು. ಜೊತೆಗೆ ಸ್ಟಾರ್‌ಫೈಟರ್‌ಗೆ ರೆಕ್ಕೆ ತುಂಬಾ ಚಿಕ್ಕದು, ತುದಿಯಿಂದ ತುದಿಗೆ ಆರೂವರೆ ಮೀಟರ್ ಚಿಲ್ಲರೆ. ಓಡ್ತಾ ಇರೋವರೆಗೂ ಅದನ್ನ ಯಾರೂ ಹಿಡಿಯೋಕಾಗಲ್ಲ. ಆದ್ರೆ ನೆಲಕ್ಕೆ ಹತ್ತಿರದಲ್ಲಿ, ವೇಗ ಕಡಿಮೆ ಮಾಡಿಕೊಂಡು, ಮಿಸ್ಟೀರ್ ಜೊತೆ ಸುತ್ತು ಹಾಕೋಕೆ ಇಳಿದ್ರೆ ಅದರ ದೊಡ್ಡಸ್ತಿಕೆ ಎಲ್ಲ ಮುಗೀತು.

ಆಗಿದ್ದು ಅದೇ. ಅಮ್ಜದ್ ಹುಸೇನ್ ಮೊದಲು ದೇವಯ್ಯನವರ ವಿಮಾನಕ್ಕೆ ಹೊಡೆದರು. ಏಟು ಬಿತ್ತು. ಇದರ ಕಥೆ ಮುಗೀತು ಅಂದುಕೊಂಡು ಬೇರೆ ಮಿಸ್ಟೀರ್‌ಗಳ ಕಡೆ ಹೊರಟರು. ಮುಂದೆ ಹೋಗ್ತಿದ್ದ ನಮ್ಮವರಿಗೆ ಹಿಂದೆ ಏನಾಗ್ತಿದೆ ಅನ್ನೋದು ಗೊತ್ತಿರಲಿಲ್ಲ. ಏಟು ತಿಂದ ಮಿಸ್ಟೀರ್ ಇನ್ನೂ ಹಾರ್ತಾ ಇತ್ತು. ದೇವಯ್ಯ ಅದನ್ನ ಆದಂಪುರದ ಕಡೆ ತಿರುಗಿಸಲಿಲ್ಲ, ಸ್ಟಾರ್‌ಫೈಟರ್ ಕಡೆ ತಿರುಗಿಸಿದ್ರು. ತಿರುಗಿದ ಕ್ಷಣಕ್ಕೇ ಮನೆಗೆ ಹೋಗೋ ಇಂಧನದ ಲೆಕ್ಕ ಮುಗಿದ ಹಾಗೆ. ಅವರು ಇನ್‌ಸ್ಟ್ರಕ್ಟರ್ ಆಗಿದ್ದವರು, ಆ ಲೆಕ್ಕ ಅವರಿಗೆ ಗೊತ್ತಿಲ್ಲದೇ ಇರೋಕೆ ಸಾಧ್ಯ ಇಲ್ಲ. ಇಬ್ಬರೂ ಸುತ್ತು ಹಾಕಿದರು. ಎರಡು ಗನ್ನಿನ ಮಿಸ್ಟೀರ್ ಸ್ಟಾರ್‌ಫೈಟರನ್ನ ಹೊಡೆದು ಬೀಳಿಸಿತು. ಅಮ್ಜದ್ ಹುಸೇನ್ ಪ್ಯಾರಾಚೂಟಲ್ಲಿ ಹಾರಿ ಬದುಕಿಕೊಂಡರು. ದೇವಯ್ಯನವರ ವಿಮಾನವೂ ಅಲ್ಲೇ ಎಲ್ಲೋ ಹೊಲದ ಕಡೆ ಬಿತ್ತು. ಅಲ್ಲಿನ ಹಳ್ಳಿಯವರು ದೇಹ ಸಿಕ್ಕಿದ ಮೇಲೆ ಮಣ್ಣು ಮಾಡಿದರು.

ಆದಂಪುರದಲ್ಲಿ ಇದ್ಯಾವುದೂ ಗೊತ್ತಿಲ್ಲ. ಉಳಿದವರೆಲ್ಲ ವಾಪಸ್ ಬಂದರು, ದೇವಯ್ಯ ಬರಲಿಲ್ಲ. ಮಿಸ್ಸಿಂಗ್ ಅಂತ ಬರ್ಕೊಂಡ್ರು.

ಈ ಮಿಸ್ಸಿಂಗ್ ಅನ್ನೋ ಪದದ ತೂಕ ನಂಗೆ ಗೊತ್ತಾಗಿದ್ದು ನಮ್ಮ ತಾತನಿಂದ. ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅದು ಮೂರು ಕಿಲೋಮೀಟರಿಗಿಂತ ಆಳ. ಒಳಗೆ ಬಂಡೆ ಸಿಡಿದ್ರೆ ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡೋದು. ಆವಾಗ ಊರಿನ ಹೆಂಗಸರೆಲ್ಲ ಶಾಫ್ಟ್ ಹತ್ತಿರ ಬಂದು ನಿಲ್ಲೋರಂತೆ. ಎಷ್ಟು ಜನ ಇಳಿದ್ರು, ಎಷ್ಟು ಜನ ಹತ್ತಿದ್ರು. ಅಷ್ಟೇ ಲೆಕ್ಕ. ಸತ್ತ ಅಂತ ಗೊತ್ತಾದ್ರೆ ಅಳಬಹುದು, ಮೇಲೆ ಬಂದ ಅಂದ್ರೆ ಮನೆಗೆ ಕರ್ಕೊಂಡು ಹೋಗಬಹುದು. ಎರಡೂ ಗೊತ್ತಿಲ್ಲದೆ ನಿಂತಿರೋ ಮನೆಯವರ ಮುಖ ನೋಡೋಕಾಗ್ತಿರಲಿಲ್ಲ ಅಂತ ತಾತ ಹೇಳ್ತಾರೆ. ಶಾಫ್ಟ್ ಮುಂದೆ ಅದು ಒಂದು ರಾತ್ರಿ, ಎರಡು ರಾತ್ರಿ. ಸುಂದರಿ ದೇವಯ್ಯನವರಿಗೆ ಅದು ವರ್ಷಗಟ್ಟಲೆ.

ಮುಂದಿನದ್ದೇ ನಾನು ಬರೆಯೋಕೆ ಕೂತ ಕಾರಣ. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ತಂದರು. ಪಾಕಿಸ್ತಾನ ವಾಯುಪಡೆಯ ಸಹಕಾರ ಪಡೆದು ಬರೆದ ಪುಸ್ತಕ, ಅವರ ಸಾಹಸಗಳನ್ನೇ ಹೇಳೋ ಪುಸ್ತಕ. ಅದರಲ್ಲಿ ಆ ಬೆಳಗಿನ ವಿಷಯವೂ ಬಂತು. ಸರ್ಗೋಧಾ ಹತ್ತಿರ ಒಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೀರ್ ಒಂದರ ಜೊತೆ ಕಾದಾಡಿ ಬಿದ್ದಿತ್ತು ಅಂತ. ಭಾರತದ ಕಡೆಯವರಿಗೆ ಇದು ಪೂರ್ತಿ ಹೊಸ ಸುದ್ದಿ. ನಮ್ಮವರು ಯಾರೂ ಸ್ಟಾರ್‌ಫೈಟರ್ ಬೀಳಿಸಿದ್ದೀನಿ ಅಂತ ಹೇಳಿಕೊಂಡಿರಲೇ ಇಲ್ಲ. ವಾಪಸ್ ಬಂದ ಪೈಲಟ್‌ಗಳಲ್ಲಿ ಒಬ್ಬರೂ ಅಂಥ ಕಾಳಗ ಮಾಡಿರಲಿಲ್ಲ. ಹಾಗಾದ್ರೆ ಮಾಡಿದ್ದು ಯಾರು? ತಾತನ ಶಾಫ್ಟ್ ಲೆಕ್ಕವೇ ಇದು. ಇಳಿದವರ ಪಟ್ಟಿಯಿಂದ ಹತ್ತಿದವರನ್ನ ಕಳೆದ್ರೆ ಉಳಿಯೋದು ಒಂದೇ ಹೆಸರು.

ತನೇಜಾ ಅವರು ಸುಮ್ಮನೆ ಕೂರಲಿಲ್ಲ. ತಮ್ಮ ಜೊತೆ ಬಂದು ಹಿಂದೆ ಉಳಿದ ಆ ಹುಡುಗನಿಗೆ ಸಲ್ಲಬೇಕಾದ್ದು ಸಲ್ಲಲಿ ಅಂತ ಸರ್ಕಾರದ ಹಿಂದೆ ಬಿದ್ದರು. 1988ರಲ್ಲಿ, ಅಂದ್ರೆ ಘಟನೆ ನಡೆದು 23 ವರ್ಷ ಆದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಸುಂದರಿ ದೇವಯ್ಯನವರು ಅದನ್ನ ತಗೊಂಡರು.

ಒಂದು ಸಲ ಯೋಚಿಸಿ. ಆ ಆಕಾಶದಲ್ಲಿ ದೇವಯ್ಯನವರು ಮಾಡಿದ್ದನ್ನ ನೋಡಿದ ಭಾರತೀಯ ಒಬ್ಬನೂ ಇಲ್ಲ. ಆ ಕಾಳಗದಿಂದ ಜೀವಂತ ಇಳಿದು ಬಂದ ಸಾಕ್ಷಿ ಅಂದ್ರೆ ಅವರು ಹೊಡೆದು ಬೀಳಿಸಿದ ಮನುಷ್ಯ ಒಬ್ಬರೇ. ಪಾಕಿಸ್ತಾನದ ಕಡೆಯವರು ಇಂಜಿನ್ ಕೆಟ್ಟು ಬಿತ್ತು ಅಂದಿದ್ರೆ, ಅಥವಾ ಆ ಸಾಲನ್ನೇ ಬಿಟ್ಟಿದ್ರೆ, ಕೇಳೋರು ಯಾರೂ ಇರಲಿಲ್ಲ. ಅವರ ಹೆಮ್ಮೆಯ ಸ್ಟಾರ್‌ಫೈಟರ್, ಅದೂ ಹಳೇ ಮಿಸ್ಟೀರ್ ಕೈಲಿ. ಒಪ್ಪಿಕೊಳ್ಳೋಕೆ ಹಿತವಾದ ವಿಷಯ ಅಲ್ಲ.

ಶತ್ರು ಪೈಲಟ್‌ಗಳ ಧೀರತನ, ಔದಾರ್ಯ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಯೂಟ್ಯೂಬಲ್ಲಿ ಓಡಾಡೋ ಎರಡನೇ ಮಹಾಯುದ್ಧದ ಕಥೆ. 1943ರ ಡಿಸೆಂಬರ್ 20. ಚಾರ್ಲಿ ಬ್ರೌನ್ ಅನ್ನೋ ಅಮೆರಿಕದ ಹುಡುಗ ಹಾರಿಸ್ತಿದ್ದ ಬಿ-17 ಬಾಂಬರ್ ಜರ್ಮನಿಯ ಮೇಲೆ ಜರಡಿಯಂತಾಗಿತ್ತು. ಹಿಂಬದಿಯ ಗನ್ನರ್ ಸತ್ತಿದ್ದ, ಉಳಿದವರಲ್ಲಿ ಸುಮಾರು ಜನಕ್ಕೆ ಗಾಯ. ಜರ್ಮನ್ ಫೈಟರ್ ಪೈಲಟ್ ಫ್ರಾಂಜ್ ಸ್ಟಿಗ್ಲರ್ ಹೊಡೆಯೋಕೆ ಅಂತಲೇ ಬಂದವರು ಅದನ್ನ ನೋಡಿ ಹೊಡೀಲಿಲ್ಲ. ಪಕ್ಕದಲ್ಲೇ ಹಾರಿ ಸಮುದ್ರದವರೆಗೂ ಬಿಟ್ಟು ಬಂದರು. ಗೊತ್ತಾಗಿದ್ರೆ ಅವರ ತಲೆ ಹೋಗ್ತಿತ್ತು. ಇಬ್ಬರೂ ಮತ್ತೆ ಭೇಟಿಯಾಗಿದ್ದು 1990ರಲ್ಲಿ, ಕೊನೇವರೆಗೂ ಸ್ನೇಹಿತರಾಗಿದ್ರು, ಇಬ್ಬರೂ ತೀರಿಕೊಂಡದ್ದೂ ಒಂದೇ ವರ್ಷ, 2008ರಲ್ಲಿ. ಕಣ್ಣಲ್ಲಿ ನೀರು ಬರೋ ಕಥೆ, ನಂಗೂ ಬಂದಿದೆ.

ಸರ್ಗೋಧಾದಲ್ಲಿ ಅಂಥದ್ದೇನೂ ಇಲ್ಲ. ಕೈ ಬೀಸಲಿಲ್ಲ, ಸೆಲ್ಯೂಟ್ ಹೊಡೀಲಿಲ್ಲ. ಇಬ್ಬರೂ ಇನ್ನೊಬ್ಬನನ್ನ ಮುಗಿಸೋಕೆ ನೋಡಿದರು. ಒಬ್ಬರು ಸತ್ತರು. ಹಾಗಿದ್ರೂ ನಂಗೆ ಇದು ಸ್ಟಿಗ್ಲರ್ ಕಥೆಯ ಪಕ್ಕದಲ್ಲೇ ಕೂರುತ್ತೆ. ಬಿದ್ದವನನ್ನ ಹೊಡೆಯದೇ ಬಿಡೋದು ಒಂದು ದೊಡ್ಡತನ. ನಾನೇ ಬಿದ್ದೆ, ಬೀಳಿಸಿದವನು ಆ ಕಡೆಯವನು ಅಂತ ಪುಸ್ತಕಕ್ಕೆ ಹೋಗೋಕೆ ಬಿಡೋದು ಇನ್ನೊಂದು. ಮೊದಲನೆಯದಕ್ಕೆ ಒಂದು ಕ್ಷಣ ಸಾಕು, ಎರಡನೆಯದರ ಜೊತೆ ಜೀವನ ಪೂರ್ತಿ ಬದುಕಬೇಕು. ಹೋದ ಸೆಮಿಸ್ಟರ್ ಬ್ರಾಂಚ್ ಮ್ಯಾಚಲ್ಲಿ ಬಾಲ್ ನನ್ನ ಬ್ಯಾಟ್‌ಗೆ ತಾಗಿ ಕೀಪರ್ ಕೈಗೆ ಹೋಗಿತ್ತು. ಅಂಪೈರ್‌ಗೆ ಕೇಳಿಸಲಿಲ್ಲ. ನಾನು ಗ್ಲೌಸ್ ಸರಿ ಮಾಡ್ಕೊಂಡು ನಿಂತೆ, ಇನ್ನೂ ಹದಿನೇಳು ರನ್ ಹೊಡೆದೆ. ಟೆನಿಸ್ ಬಾಲ್ ಮ್ಯಾಚ್. ಅಷ್ಟಕ್ಕೇ ನನ್ನ ಕೈಲಿ ಆಗ್ಲಿಲ್ಲ. ಕೀಪರ್ ಇದನ್ನ ಓದ್ತಿದ್ರೆ, ಹೌದು ಮಾರಾಯ, ತಾಗಿತ್ತು.

ಕೊಡಗಿನದ್ದೇ ಇನ್ನೊಂದು ಕಥೆ ಇದೇ ಯುದ್ಧದ್ದು, ಅದನ್ನ ಬಿಟ್ರೆ ನಮ್ಮ ಕ್ಲಾಸಿನ ಹುಡುಗ ಈ ಸಲ ನಿಜವಾಗ್ಲೂ ಬೈತಾನೆ. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಂಟರ್ ವಿಮಾನದ ಪೈಲಟ್. ಯುದ್ಧ ನಿಲ್ಲೋಕೆ ಇನ್ನೇನು ಒಂದು ದಿನವೂ ಇಲ್ಲ ಅನ್ನುವಾಗ, ಸೆಪ್ಟೆಂಬರ್ 22ರಂದು, ಅವರ ವಿಮಾನಕ್ಕೆ ನೆಲದಿಂದ ಹೊಡೆದ ಏಟು ಬಿದ್ದು ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯೋದಕ್ಕೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನ ಬೇಕಾದ್ರೆ ಬಿಟ್ಟು ಕಳಿಸ್ತೀನಿ ಅಂತ ಮಡಿಕೇರಿಗೆ ಹೇಳಿ ಕಳಿಸಿದರು. ಕಾರ್ಯಪ್ಪನವರು ಬೇಡ ಅಂದರು. ಸೆರೆಯಲ್ಲಿರೋ ಎಲ್ಲ ಹುಡುಗರೂ ತನಗೆ ಮಕ್ಕಳೇ, ಒಬ್ಬನಿಗೆ ಮಾತ್ರ ಬೇರೆ ಲೆಕ್ಕ ಬೇಡ ಅನ್ನೋದು ಅವರ ಉತ್ತರದ ಸಾರ. ನಂದಾ ಕಾರ್ಯಪ್ಪ 1966ರ ಜನವರಿಯಲ್ಲಿ ಬೇರೆಯವರ ಜೊತೆಗೇ ವಾಪಸ್ ಬಂದರು. ಈ ಕಥೆ ಎಲ್ಲರೂ ಹೇಳ್ತಾರೆ, ಯಾಕಂದ್ರೆ ಅದರಲ್ಲಿ ಇಬ್ಬರು ದೊಡ್ಡ ಮನುಷ್ಯರಿದ್ದಾರೆ. ದೇವಯ್ಯನವರ ವಿಷಯದಲ್ಲಿ ಹಳೇ ಪರಿಚಯ ಇಲ್ಲ, ಅಪ್ಪನ ಹೆಸರಿನ ಬಲ ಇಲ್ಲ. ಒಬ್ಬರಿಗೊಬ್ಬರು ಮುಖವನ್ನೇ ನೋಡದ ಇಬ್ಬರು.

ಅಮ್ಜದ್ ಹುಸೇನ್ ಅವರದ್ದೂ ಅಲ್ಲಿಗೇ ಮುಗಿಯಲ್ಲ. 1971ರ ಯುದ್ಧದ ಹೊತ್ತಿಗೆ ಅವರು ವಿಂಗ್ ಕಮಾಂಡರ್. ಮತ್ತೆ ಸ್ಟಾರ್‌ಫೈಟರಲ್ಲೇ ಅಮೃತಸರದ ಮೇಲೆ ಬಂದರು, ನಮ್ಮ ವಿಮಾನವಿರೋಧಿ ಗನ್ ಏಟಿಗೆ ವಿಮಾನ ಬಿತ್ತು, ಮತ್ತೆ ಪ್ಯಾರಾಚೂಟ್, ಈ ಸಲ ಇಳಿದದ್ದು ಭಾರತದ ನೆಲಕ್ಕೆ. ಯುದ್ಧಕೈದಿಯಾಗಿದ್ದು ಆಮೇಲೆ ತಮ್ಮ ದೇಶಕ್ಕೆ ಹೋದರು. ಅಂದ್ರೆ ದೇವಯ್ಯ ಎಲ್ಲಿ ಹೋದರು ಅನ್ನೋದಕ್ಕೆ ಉತ್ತರ ಇದ್ದ ಮನುಷ್ಯ ಒಂದಷ್ಟು ದಿನ ನಮ್ಮ ದೇಶದಲ್ಲೇ ಇದ್ದರು. ಆದ್ರೂ ಆ ಉತ್ತರ ಹೊರಗೆ ಬಂದದ್ದು 1979ರ ಪುಸ್ತಕದಿಂದ.

ಈ ಲೇಖನದ ಮೊದಲ ಡ್ರಾಫ್ಟನ್ನ ಹೋದ ಭಾನುವಾರ ಮನೆಯಲ್ಲಿ ತಾತನಿಗೆ ಓದಿ ಹೇಳಿದೆ. ತಾತ ಕಣ್ಣು ಮುಚ್ಚಿಕೊಂಡು ಕೇಳ್ತಾ ಇದ್ರು, ಮಲಗಿದ್ರೇನೋ ಅಂದುಕೊಂಡೆ. ಮುಗಿದ ಮೇಲೆ ಒಂದೇ ಒಂದು ತಪ್ಪು ತೋರಿಸಿದರು. ನಾನು ಅಮ್ಜದ್ ಹುಸೇನ್ ಬಂದ ಕಡೆಯೆಲ್ಲ ಅವನು ಅಂತ ಬರೆದಿದ್ದೆ. ದೇವಯ್ಯನಿಗೆ ಅವರು ಅಂತೀಯ, ಇವರಿಗೆ ಯಾಕೆ ಅವನು ಅಂತ ಕೇಳಿದರು. ಪಾಕಿಸ್ತಾನದವನಲ್ವಾ ತಾತ ಅಂದೆ. ತಾತ ಏನೂ ಹೇಳ್ದೆ ಪೇಪರ್ ನನ್ನ ಕಡೆ ತಳ್ಳಿದರು.

ಇಂಗ್ಲಿಷಲ್ಲಾಗಿದ್ರೆ ಈ ತೊಂದರೆಯೇ ಇಲ್ಲ, ಎಲ್ಲರಿಗೂ ಒಂದೇ ಪದ. ಕನ್ನಡದಲ್ಲಿ ಅವನು ಅನ್ನೋದನ್ನ ಮಾತ್ರ ಬದಲಾಯಿಸಿದ್ರೆ ಸಾಲಲ್ಲ. ಬಂದ, ಹೊಡೆದ, ಹಾರಿದ, ಬದುಕಿದ, ಪ್ರತಿಯೊಂದು ಕ್ರಿಯಾಪದವನ್ನೂ ಹುಡುಕಿ ತಿದ್ದಬೇಕು. ರಾತ್ರಿ ಕೂತು ತಿದ್ದಿದೆ. ಎಲ್ಲಾದ್ರೂ ಒಂದು ಕಡೆ ಬಿಟ್ಟುಹೋಗಿದ್ರೆ, ಓದುವಾಗ ನೀವೇ ಸರಿ ಮಾಡ್ಕೊಳ್ಳಿ.